ಗೋಡೆ ಖಾಲಿ ಮಾಡುವ ಕೆಲಸ

ಡಿಸೆಂಬರ್ ಕೊನೆಗೆ ಸಿಸ್ಟರ್ ಎಫಿಜೆನಿಯಾ ಫೋನು ಬರುತ್ತದೆ:
"ಯಮನೂರ, ಆರನೇ ತಾರೀಕು ಕಾಲೇಜಿನವರು ಇಳಿಯುತ್ತಾರೆ,
ಗೋಡೆ ಬೆಳ್ಳಗಾಗಬೇಕು."
ಚಿಕಾಲಿಂ ಏರಿನ ಮೇಲಿನ ಆಶ್ರಮಕ್ಕೆ
ಏಣಿ, ಹೆರೆಯುವ ಪಟ್ಟಿ, ಎರಡು ಚೀಲ ಸುಣ್ಣ,
ಜೊತೆಗೆ ಬಸೂನನ್ನೂ ಹೇರಿಕೊಂಡು ಹೋಗುತ್ತೇನೆ.
ದಿನಕ್ಕೆ ಒಂಬೈನೂರು. ಊಟ ಅವರದು,
ಬಾಂಗಡೆ ಸಾರು, ಕೆಂಪು ಅನ್ನ.

ಹೋದ ಜನವರಿಯ ಚಿತ್ರ ಇನ್ನೂ ಗಟ್ಟಿಯಾಗಿದೆ:
ಕಣ್ಣಿಗೆ ರೆಪ್ಪೆಯಿರುವ ಸೂರ್ಯ,
ಸೊಂಡಿಲೆಲ್ಲಿ ಬಾಲವೆಲ್ಲಿ ತಿಳಿಯದ ಆನೆ,
ಗಿಡಕ್ಕಿಂತ ದೊಡ್ಡ ಚಿಟ್ಟೆ.
ಗೋವೆಯ ಮಳೆ ನಾಲ್ಕು ತಿಂಗಳು ಬಡಿದರೂ ಬಿಡದ ಬಣ್ಣ.
ಮೊದಲು ಸೂರ್ಯನನ್ನು ಕೆರೆಯುತ್ತೇನೆ.
ಬಂದವರಿಗೆ ಬಳಿಯಲು ಗೋಡೆ ಬೇಕು,
ಇರುವುದು ಒಂದೇ ಗೋಡೆ.

ಈ ಸಲ ನಲ್ಲಿಯ ಬದಿಗೆ, ಮೊಳಕಾಲೆತ್ತರದಲ್ಲಿ
ತೇವಕ್ಕೆ ಉಬ್ಬಿದ ಪದರೆಲ್ಲ ಒಮ್ಮೆಲೇ ಕಳಚಿ
ಕಾಲ ಮೇಲೆ ಬಿತ್ತು.
ಒಳಗೊಂದು ನೀಲಿ ಅಂಗೈ.
ನಾಲ್ಕೇ ಬೆರಳು.

ವಾಸ್ಕೋ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲು ತಿಂದ ಬೆರಳದು,
ಅವ್ವ ಯಾವ ಡಬ್ಬಿಯಲ್ಲಿ ಉಳಿದಳೋ
ಅದೇ ಬಾಗಿಲು ಇದ್ದೀತು.
ಪಕ್ಕದಲ್ಲಿ ಐದು ಬೆರಳಿನ ದೊಡ್ಡ ಕೈ:
ಮರಿಯೆಲ್.

ಯಮನೂರ ಎನ್ನಲು ಬಾರದೆ ಯಾಮಿ ಎಂದವಳು.
ಹನ್ನೊಂದು ದಿನ ಇದ್ದಳು.
ಹಸಿರು ಬಾಚಣಿಕೆಯಲ್ಲಿ ನನ್ನ ಹೇನು ತೆಗೆದಳು,
ಮೂಗು ಮುರಿಯದೆ, ಕಡಲೆ ಬಿಡಿಸುವಷ್ಟು ಆರಾಮಾಗಿ.
ಬೆರಳೆಲ್ಲಿ ಎಂದು ಕೇಳದವಳು ಅವಳೊಬ್ಬಳೇ.
ಹೋಗುವಾಗ "ನೆಕ್ಸ್ಟ್ ಇಯರ್" ಎಂದಳು.
ಅದೊಂದು ಊರಿನ ಹೆಸರೆಂದುಕೊಂಡಿದ್ದೆ,
ಹುಬ್ಬಳ್ಳಿ ದಾಟಿದ ಮೇಲೆ ಬರುವಂಥದ್ದು.

ಮರುವರ್ಷ ಬಂದರು. ಅದೇ ಹಳದಿ ಅಂಗಿ,
ಎದೆಯ ಮೇಲೆ ಅದೇ ಪಾರಿವಾಳ,
ಮುಖ ಮಾತ್ರ ಬೇರೆ. ಒಬ್ಬೊಬ್ಬರನ್ನೂ
ಬಗ್ಗಿ ಟೊಪ್ಪಿಗೆಯಡಿ ಇಣುಕಿ ನೋಡಿದೆ.
ಅವರು ಅದನ್ನು ಆಟವೆಂದುಕೊಂಡು ನಕ್ಕರು,
ಫೋಟೋ ತೆಗೆದರು.
ಮೂರನೇ ವರ್ಷಕ್ಕೆ ಹೆಸರು ಕಲಿಯುವುದನ್ನೇ ಬಿಟ್ಟೆ.
ಎಲ್ಲರೂ ಅಕ್ಕ, ಎಲ್ಲರೂ ಅಣ್ಣ,
ಊಟ ಮುಗಿದ ಮೇಲೆ ತಟ್ಟೆ ತೊಳೆದಿಟ್ಟಷ್ಟೇ ಸಲೀಸು.

ಸುಳ್ಳಾಡಿದಳು ಎನ್ನಲಾರೆ.
ಈಗ ಲೆಕ್ಕ ಹಾಕಿದರೆ ಅವಳಿಗಾಗ ಹತ್ತೊಂಬತ್ತು,
ನಮ್ಮ ಬಸೂನ ವಯಸ್ಸು.
ಬಸೂನಿಗೆ ಒಂದು ಬಕೆಟ್ ಸುಣ್ಣ
ಗಂಟಿಲ್ಲದೆ ಕದಡಲು ಬರುವುದಿಲ್ಲ.

ಎರಡು ಕೈ ಬಳಿದೆ. ನೀಲಿ ಇಣುಕಿತು.
ಮೂರನೆಯದಕ್ಕೆ ಕೂಲಿಯಿಲ್ಲ.
ಬಳಿದೆ.

ಬಾಕಿ ಹಣಕ್ಕೆಂದು ಏಳನೇ ತಾರೀಕು ಹೋದರೆ
ಅಂಗಳದ ತುಂಬ ಹಳದಿ ಅಂಗಿ, ಬಣ್ಣದ ಡಬ್ಬಿ,
ಬಿಸಿಲಿಗೆ ಕೆಂಪಾದ ಕತ್ತುಗಳು.
ಸುಮ್ಮನೆ ನಿಂತ ನನ್ನನ್ನು ಕಂಡು ಒಬ್ಬಳು ಓಡಿಬಂದಳು,
ಕೈಗೆ ಕುಂಚ ಕೊಟ್ಟಳು.
ಬೆರಳಿಲ್ಲದ ಜಾಗ ನೋಡಿ ತುಸು ತಡೆದು
ಉಳಿದ ನಾಲ್ಕನ್ನೂ ಒಂದೊಂದಾಗಿ
ಹಿಡಿಕೆಯ ಸುತ್ತ ಮಡಚಿದಳು: ಹೀಗೆ. ಮೆಲ್ಲಗೆ.

ಹದಿನಾಲ್ಕು ವರ್ಷದಿಂದ ಪೇಂಟರ್ ನಾನು,
ಬೋಗ್ಮಾಳೊದ ಹೋಟೆಲಿನ ಗುಮ್ಮಟ ನನ್ನದು.
ಒಂದು ಎಸಳು ಬರೆದೆ, ಸೊಟ್ಟಗೆ.
"ಗುಡ್ ಜಾಬ್!" ಎಂದಳು.
"ಥ್ಯಾಂಕ್ಯೂ ಅಕ್ಕ" ಎಂದಿತು ನನ್ನೊಳಗಿಂದ
ಆರು ವರ್ಷದ ಧ್ವನಿ,
ನಾನು ಬಾಯಿ ಮುಚ್ಚುವಷ್ಟರಲ್ಲಿ.

ನಲ್ಲಿಯ ಹತ್ತಿರ ಚಡ್ಡಿ ಜಾರುತ್ತಿದ್ದ ಹೊಸ ಹುಡುಗ,
ಕೊಪ್ಪಳದ ಕಡೆಯವನಂತೆ,
ಬಹಳ ಹೊತ್ತು ನನ್ನನ್ನೇ ನೋಡಿ ಕೇಳಿದ:
"ಮಾಮಾ, ನೀನೂ ಇವ್ರ ಜೋಡಿ ಬಂದೀಯೇನು?
ಮತ್ತ ಯಾವಾಗ ಬರ್ತಿ?"

ಗೋಡೆ ನೋಡಿದೆ. ಇನ್ನೂ ಹಸಿ.
ಸೂರ್ಯನಿಗೆ ರೆಪ್ಪೆ ಬರೆಯುತ್ತಿದ್ದರು.
ಡಿಸೆಂಬರಿಗೆ, ಎಂದೆ.